ಗುಣವಾಗದವರ ಬಳಿಯಲ್ಲಿ ಕುಳಿತುಕೊಳ್ಳುವದು

ಕಳೆದ ವರುಷ ರಾಗಿಯ ಕೊಯ್ಲು ಮುಗಿದು ಕಣದ ಕೆಲಸವು ನಡೆಯುತ್ತಿದ್ದ ದಿನಗಳಲ್ಲಿ ನಾವು ಜಾವಗಲ್ ಹೋಬಳಿಗೆ ಸೇರಿದ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿ ತೆಂಗಿನ ತೋಟದ ಅಂಚಿನಲ್ಲಿರುವ ಒಂದು ಮನೆಯಲ್ಲಿ ವಯಸ್ಸಾದ ಒಬ್ಬ ತಾಯಿಯವರು ಬಾಯಿಯ ಕ್ಯಾನ್ಸರ್ ರೋಗದಿಂದ ಹಾಸಿಗೆ ಹಿಡಿದಿದ್ದರು. ಚಿಕ್ಕಂದಿನಿಂದ ಎಲೆಯಡಿಕೆಯ ಸಂಗಡ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಳ್ಳುವ ವಾಡಿಕೆ ಅವರಿಗಿತ್ತು. ಹೊಲದ ಕೆಲಸ ಮಾಡುವ ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯವೆಂದು ನಮ್ಮ ಓದುಗರಿಗೆ ಹೇಳಬೇಕಾದದ್ದಿಲ್ಲ. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಚಿಕಿತ್ಸೆ ನಡೆದು, ಒಂದು ಹಸುವೂ ಎರಡು ವರುಷದ ಕೊಬ್ಬರಿಯ ಹಣವೂ ಅದಕ್ಕೆ ಹೋದ ಮೇಲೆ, ವೈದ್ಯರು ಒಂದು ಚೀಟಿಯನ್ನು ಬರೆದುಕೊಟ್ಟು, ಇನ್ನು ಮಾಡತಕ್ಕದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿರಿ ಎಂದರಂತೆ. ಹಾಗೆ ಹೇಳಿದ ವೈದ್ಯರ ಮೇಲೆ ನಾವು ತಪ್ಪು ಹೊರಿಸುವದಿಲ್ಲ. ಅವರ ಬಾಗಿಲಲ್ಲಿ ಇನ್ನೂ ನೂರು ಮಂದಿ ಕಾದಿದ್ದಿರಬೇಕು. ಆದರೆ ಆ ಒಂದು ಮಾತು ರೋಗಿಗಿಂತ ಮುಂಚೆಯೇ ಊರಿಗೆ ಬಂದು ಮುಟ್ಟಿತ್ತು.

ಮೊದಲನೆಯ ವಾರ ಊರವರೆಲ್ಲರೂ ಬಂದು ನೋಡಿ ಹೋದರು. ಎರಡನೆಯ ವಾರ ಹತ್ತಿರದ ನೆಂಟರು ಮಾತ್ರ ಬಂದರು. ಹುಣ್ಣಿನ ದುರ್ವಾಸನೆಯು ಹೊರಗಿನ ಜಗಲಿಯ ವರೆಗೆ ಬರತೊಡಗಿದ ಮೇಲೆ ಒಳಗೆ ಹೋಗುವವಳು ಸೊಸೆಯೊಬ್ಬಳೇ ಆದಳು. ನಾವು ಸಹ ಮೊದಲನೆಯ ಸಾರಿ ಹೋದಾಗ ಏನು ಮಾಡಿದೆವು? ಬಾಗಿಲಿನ ಹತ್ತಿರ ನಿಂತು ದೀರ್ಘವಾದ ಒಂದು ಪ್ರಾರ್ಥನೆಯನ್ನು ಮಾಡಿ, ಕಾಫಿ ಬೇಡವೆಂದು ಹೇಳಿ, ಹತ್ತು ನಿಮಿಷಗಳೊಳಗೆ ಹೊರಗೆ ಬಂದೆವು. ಪ್ರಾರ್ಥನೆಯು ಅಷ್ಟು ದೀರ್ಘವಾದದ್ದು ಭಕ್ತಿಯಿಂದಲ್ಲ. ಕಣ್ಣು ಮುಚ್ಚಿಕೊಂಡಿರುವಾಗ ಆ ಮುಖವನ್ನು ನೋಡಬೇಕಾದದ್ದಿರಲಿಲ್ಲ. ಇದನ್ನು ಬರೆಯುವದಕ್ಕೆ ನಮಗೆ ನಾಚಿಕೆಯಾಗುತ್ತದೆ, ಆದರೂ ಬರೆಯದೆ ಮುಂದಿನ ಮಾತನ್ನು ಹೇಳುವ ಹಕ್ಕು ನಮಗಿಲ್ಲ.

ಹೊರಗೆ ಬಂದಾಗ ಅಲ್ಲಿಯ ಹಿರಿಯರೊಬ್ಬರು ನಮ್ಮ ಸಂಗಡ ರಸ್ತೆಯ ವರೆಗೆ ನಡೆದು ಬಂದರು. ಅವರು ಕಠಿಣ ಹೃದಯದವರಲ್ಲ. ಯಾರ ಮನೆಯ ಮಾಡು ಬಿದ್ದರೂ ಮೊದಲು ಗಳ ಹೊತ್ತು ತರುವವರು ಅವರೇ. ಅವರು ನಮ್ಮನ್ನು ಕೇಳಿದ್ದೇನಂದರೆ: “ಅಯ್ಯನವರೇ, ಗುಣವಾಗುವ ರೋಗಿಯನ್ನು ನೋಡಿಕೊಳ್ಳುವದು ಸರಿ. ಇವರು ಗುಣವಾಗುವದಿಲ್ಲವೆಂದು ದೊಡ್ಡ ಡಾಕ್ಟರೇ ಹೇಳಿದ್ದಾರೆ. ಇನ್ನು ದಿನಕೂಲಿ ಬಿಟ್ಟು ಒಬ್ಬರು ಇವರ ಬಳಿ ಕುಳಿತರೆ ಯಾರಿಗೆ ಪ್ರಯೋಜನ? ಆ ಹಣ ಮೊಮ್ಮಗಳ ಓದಿಗಾದರೂ ಆಗುತ್ತಿತ್ತಲ್ಲ.”

ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ದುಡ್ಡುಳ್ಳವರು ಇದನ್ನು ಕೇಳುವದಿಲ್ಲ, ಯಾಕಂದರೆ ಅವರಿಗೆ ಎರಡನ್ನೂ ಮಾಡುವ ಶಕ್ತಿಯುಂಟು. ಒಂದು ದಿನದ ಕೂಲಿಗೆ ಒಂದೇ ದಿನವಿರುವವನು ಕೇಳುವ ಪ್ರಶ್ನೆ ಇದು. ಅವನಿಗೆ ಕನಿಕರವಿಲ್ಲವೆಂದು ಗದರಿಸುವದು ಸುಲಭ. ಉತ್ತರ ಕೊಡುವದು ಕಷ್ಟ. ನಾವು ಆ ದಿನ ಉತ್ತರ ಕೊಡದೆ ಬಾಣಾವರದ ಬಸ್ಸನ್ನು ಹತ್ತಿದೆವು. ಆ ಮೇಲೆ ಬಹಳ ದಿನ ಯೋಚಿಸಿ, ತಿಳಿದವರನ್ನು ಕೇಳಿ, ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಮಾಡತಕ್ಕದ್ದೇನೂ ಇಲ್ಲವೆಂಬ ಮಾತೇ ಸತ್ಯವಲ್ಲ. ರೋಗವನ್ನು ತೆಗೆದುಹಾಕುವದಕ್ಕೆ ಮಾಡತಕ್ಕದ್ದೇನೂ ಇಲ್ಲವೆಂದು ಅದರ ಅರ್ಥ. ರೋಗವು ಬೇರೆ, ರೋಗದಿಂದ ಬರುವ ನೋವು ಬೇರೆ. ಆ ತಾಯಿಯವರಿಗೆ ರಾತ್ರಿಯೆಲ್ಲಾ ನಿದ್ರೆಯಿರಲಿಲ್ಲ. ದವಡೆಯಿಂದ ಕಿವಿಯ ವರೆಗೆ ನೋವು ಸುತ್ತಿಗೆಯಿಂದ ಹೊಡೆದ ಹಾಗೆ ಬರುತ್ತಿತ್ತು. ಇಂಥಾ ನೋವಿಗೆ ಮಾರ್ಫೀನ್ ಎಂಬ ಔಷಧವುಂಟು. ಅದು ಅಫೀಮಿನಿಂದ ತೆಗೆಯಲ್ಪಡುವದು. ಸಾಮಾನ್ಯವಾಗಿ ಮಾತ್ರೆಯಾಗಿ ನಾಲ್ಕು ತಾಸಿಗೊಮ್ಮೆ ನುಂಗಿಸಬೇಕು. ನೋವು ಬಂದ ಮೇಲೆ ಕೊಡುವದಲ್ಲ, ನೋವು ತಲೆಯೆತ್ತುವದಕ್ಕೆ ಮುಂಚೆ ಗಡಿಯಾರ ನೋಡಿ ಕೊಡುವದು. ಈ ಕ್ರಮವನ್ನು ಲೋಕದ ಆರೋಗ್ಯ ಸಂಸ್ಥೆಯವರು ೧೯೮೬ರಲ್ಲಿಯೇ ಎಲ್ಲಾ ದೇಶಗಳಿಗೂ ತಿಳಿಸಿದರು. ಅದರಿಂದ ಮಲಬದ್ಧತೆಯಾಗುವದರಿಂದ ಜೊತೆಯಲ್ಲಿಯೇ ಭೇದಿಯ ಔಷಧವನ್ನು ಕೊಡುತ್ತಾರೆ. ಮೊದಲ ಕೆಲವು ದಿನ ಮಂಪರು ಬರುವದು, ಆಮೇಲೆ ಬಹುಮಟ್ಟಿಗೆ ಕಡಿಮೆಯಾಗುವದು. ಅಫೀಮು ಎಂದ ಕೂಡಲೆ ನಮ್ಮ ಜನರು ಹೆದರುತ್ತಾರೆ. ಆದರೆ ವೈದ್ಯರು ಅಳತೆ ಮಾಡಿ ನೋವಿಗೆಂದು ಕೊಡುವ ಔಷಧವು ಕುಡುಕನ ಚಟದಂತಲ್ಲ, ಮತ್ತು ಅದು ಆಯುಸ್ಸನ್ನು ಮುಗಿಸುವ ವಿಷವೂ ಅಲ್ಲ.

ಇಲ್ಲಿ ಒಂದು ವಿಚಿತ್ರವುಂಟು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮೊದಲಾದ ಸೀಮೆಗಳಲ್ಲಿ ಸರಕಾರದ ಅಪ್ಪಣೆಯಿಂದ ಗಸಗಸೆಯ ಬೆಳೆಯನ್ನು ಬೆಳೆದು ಪರದೇಶಗಳ ಔಷಧಕ್ಕಾಗಿ ಅಫೀಮನ್ನು ಕಳುಹಿಸುತ್ತಾ ಬಂದಿದ್ದಾರೆ. ಆದರೆ ಮಾದಕ ವಸ್ತುಗಳ ವಿಷಯವಾಗಿ ೧೯೮೫ರಲ್ಲಿ ಮಾಡಲ್ಪಟ್ಟ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ಅನೇಕ ಆಸ್ಪತ್ರೆಗಳು ಕಾಗದಪತ್ರಗಳ ತೊಂದರೆಗೆ ಅಂಜಿ ಮಾರ್ಫೀನನ್ನು ಇಡುವದನ್ನೇ ಬಿಟ್ಟವು. ಹೀಗೆ ಬೆಳೆದ ದೇಶದವರೇ ನೋವಿನಿಂದ ಕೂಗುತ್ತಾ ಸಾಯುವಂತಾಯಿತು. ೨೦೧೪ರಲ್ಲಿ ಆ ಕಾನೂನು ತಿದ್ದಲ್ಪಟ್ಟಿತು. ಆದಾಗ್ಯೂ ತಾಲೂಕಿನ ಊರುಗಳಲ್ಲಿ ಈ ಔಷಧವನ್ನು ಕೇಳಬೇಕೆಂದು ತಿಳಿದವರೇ ಕಡಿಮೆ. ಕೇಳದವರಿಗೆ ಯಾರೂ ಕೊಡುವದಿಲ್ಲ.

ಇದನ್ನು ಹೇಳುವಾಗ ನಮ್ಮಲ್ಲಿಯೇ ಕೆಲವರು ಆಕ್ಷೇಪಿಸುವದನ್ನು ಕೇಳಿದ್ದೇವೆ: ನೋವು ದೇವರು ಕಳುಹಿಸಿದ ಶಿಕ್ಷಣವಲ್ಲವೇ, ಅದನ್ನು ಔಷಧದಿಂದ ತಪ್ಪಿಸಿಕೊಳ್ಳುವದು ನಂಬಿಕೆಯ ಕೊರತೆಯಲ್ಲವೇ? ಒಬ್ಬ ಮನುಷ್ಯನು ತನ್ನ ಸ್ವಂತ ನೋವಿನ ವಿಷಯವಾಗಿ ಹೀಗೆ ಹೇಳಿಕೊಂಡರೆ ನಾವು ಸುಮ್ಮನಿರುವೆವು. ಅದು ಅವನಿಗೂ ದೇವರಿಗೂ ಸೇರಿದ ಸಂಗತಿ. ಆದರೆ ಇನ್ನೊಬ್ಬರ ದವಡೆಯಲ್ಲಿರುವ ನೋವನ್ನು ತೋರಿಸಿ ಇದು ನಿನಗೆ ಒಳ್ಳೇದು ಎನ್ನುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು? ಯೋಬನ ಮೂವರು ಸ್ನೇಹಿತರು ದೂರದಿಂದ ಬಂದು ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಮಾತಾಡದೆ ಕುಳಿತಿದ್ದರು. ಆ ಏಳು ದಿನ ಅವರಲ್ಲಿ ತಪ್ಪೇನೂ ಕಾಣುವದಿಲ್ಲ. ಅವರ ತಪ್ಪೆಲ್ಲಾ ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಬಂತು. ನಮ್ಮ ಸಭೆಗಳಲ್ಲಿ ಏಳನೆಯ ನಿಮಿಷಕ್ಕೇ ಕಾರಣ ಹೇಳುವವರಿದ್ದಾರೆ.

ಹಾಗಾದರೆ ಹಿರಿಯರ ಪ್ರಶ್ನೆಗೆ ಔಷಧವೇ ಉತ್ತರವಾಯಿತೋ? ಇಲ್ಲ. ಮಾತ್ರೆಯನ್ನು ನಾಲ್ಕು ತಾಸಿಗೊಮ್ಮೆ ಕೊಡುವ ಕೈ ಬೇಕು. ಆ ಕೈ ಯಾರದು ಎಂಬದೇ ಪ್ರಶ್ನೆ.

ಲಂಡನ್ ಪಟ್ಟಣದಲ್ಲಿ ಸಿಸಿಲಿ ಸಾಂಡರ್ಸ್ ಎಂಬವರು ಇದ್ದರು. ಅವರು ಮೊದಲು ದಾದಿಯಾಗಿ ಕಲಿತು, ಬೆನ್ನಿನ ಬೇನೆಯಿಂದ ಆ ಕೆಲಸವನ್ನು ಬಿಟ್ಟು, ಆಸ್ಪತ್ರೆಗಳಲ್ಲಿ ಬಡ ರೋಗಿಗಳ ಕಷ್ಟಸುಖ ವಿಚಾರಿಸುವ ಉದ್ಯೋಗಕ್ಕೆ ಸೇರಿದರು. ೧೯೪೮ರಲ್ಲಿ, ಪೋಲೆಂಡ್ ದೇಶದಿಂದ ಬಂದು ಬಂಧುಬಳಗವಿಲ್ಲದೆ ಸಾಯುತ್ತಿದ್ದ ದಾವಿದ್ ತಾಸ್ಮಾ ಎಂಬ ಯೆಹೂದ್ಯನ ಬಳಿಯಲ್ಲಿ ಅವರು ಆಗಾಗ ಹೋಗಿ ಕುಳಿತುಕೊಳ್ಳುತ್ತಿದ್ದರು. ಇಂಥವರಿಗಾಗಿ ಒಂದು ಮನೆ ಇರಬೇಕೆಂದು ಇಬ್ಬರೂ ಮಾತಾಡಿಕೊಂಡರು. ಅವನು ಸಾಯುವಾಗ ತನಗಿದ್ದ ಐನೂರು ಪೌಂಡುಗಳನ್ನು, ಆ ಮನೆಗೆ ಒಂದು ಕಿಟಕಿಯಾಗಲಿ ಎಂದು, ಅವರಿಗೆ ಬಿಟ್ಟುಹೋದನು. ಕಿಟಕಿ ಇತ್ತು, ಮನೆ ಇರಲಿಲ್ಲ. ನೋವಿನ ವಿಷಯದಲ್ಲಿ ದಾದಿಯ ಮಾತನ್ನು ವೈದ್ಯರು ಕೇಳರೆಂದು ತಿಳಿದು, ಆಕೆ ವೈದ್ಯಶಾಸ್ತ್ರವನ್ನು ಓದಿ ೧೯೫೭ರಲ್ಲಿ ತಾವೇ ವೈದ್ಯರಾದರು; ೧೯೬೭ರಲ್ಲಿ ಸಂತ ಕ್ರಿಸ್ಟೋಫರನ ಹೆಸರಿನ ಆ ಮನೆಯನ್ನು ತೆರೆದರು. ಸಾಯುವವರ ನೋವು ಶರೀರದ್ದು ಮಾತ್ರವಲ್ಲ, ಮನಸ್ಸಿನದೂ ಮನೆಯವರದೂ ಆತ್ಮದ್ದೂ ಒಂದರೊಳಗೊಂದು ಹೆಣೆದುಕೊಂಡಿದೆ ಎಂಬದು ಅವರ ಬೋಧನೆ. ೨೦೦೫ರಲ್ಲಿ ಅವರು ಅದೇ ಮನೆಯಲ್ಲಿಯೇ ತೀರಿಹೋದರು.

ನಮ್ಮ ದೇಶದಲ್ಲಿ ಇಂಥಾ ಮನೆಯು ಮೊದಲು ೧೯೮೬ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಎಂಬ ಹೆಸರಿನಿಂದ ಏರ್ಪಟ್ಟಿತು. ಬೆಂಗಳೂರಿನಲ್ಲಿ ಕ್ಯಾನ್ಸರ್ ಸೊಸೈಟಿಯವರೂ ಇಂದಿರಾನಗರದ ರೋಟರಿಯವರೂ ಕೂಡಿ ೧೯೯೪ರಲ್ಲಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿ, ೧೯೯೯ರಲ್ಲಿ ಕರುಣಾಶ್ರಯವೆಂಬ ಮನೆಯನ್ನು ತೆರೆದರು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಜಾತಿಮತ ಕೇಳದೆ, ಒಂದು ಕಾಸೂ ತೆಗೆದುಕೊಳ್ಳದೆ, ಅಲ್ಲಿ ನೋಡಿಕೊಳ್ಳುತ್ತಾರೆ. ಆದರೆ ಜಾವಗಲ್ಲಿನ ಕಡೆಯವರಿಗೆ ಬೆಂಗಳೂರು ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಅದಲ್ಲದೆ ತನ್ನ ಮನೆಯ ತೊಲೆಯನ್ನು ನೋಡುತ್ತಾ ಸಾಯಬೇಕೆಂಬ ಆಶೆ ನಮ್ಮ ಮುದುಕರಿಗುಂಟು. ಆದಕಾರಣ ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರವಾದ ಮಾದರಿಯು ಕಲ್ಲಿಕೋಟೆಯದು. ಅಲ್ಲಿ ೧೯೯೩ರಲ್ಲಿ ಡಾಕ್ಟರ್ ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಮೊದಲಾದವರು ಸರಕಾರಿ ವೈದ್ಯಕೀಯ ಕಾಲೇಜಿನ ಬಳಿ ನೋವಿನ ಉಪಶಮನಕ್ಕಾಗಿ ಒಂದು ಸಂಘವನ್ನು ಪ್ರಾರಂಭಿಸಿದರು. ಕೆಲವು ವರುಷಗಳಲ್ಲಿ ಅವರಿಗೆ ತಿಳಿದುಬಂದದ್ದೇನಂದರೆ, ವೈದ್ಯರು ತಿಂಗಳಿಗೊಮ್ಮೆ ಬಂದರೂ ಉಳಿದ ದಿನಗಳನ್ನು ರೋಗಿಯು ನೆರೆಯವರ ನಡುವೆಯೇ ಕಳೆಯುತ್ತಾನೆ ಎಂಬದು. ಆದದರಿಂದ ನೆರೆಯವರನ್ನೇ ಕಲಿಸಿದರು. ರೈತರು, ಅಂಗಡಿಯವರು, ಉಪಾಧ್ಯಾಯರು, ಕಾಲೇಜಿನ ಹುಡುಗರು ವಾರಕ್ಕೆ ಎರಡು ತಾಸುಗಳನ್ನಾದರೂ ಕೊಡುವಂತೆ ಏರ್ಪಾಡಾಯಿತು. ಬಡವರೂ ಚಿಲ್ಲರೆ ಕಾಸನ್ನು ಹಾಕಿದರು. ಈ ಕೆಲಸವು ಮಲಬಾರಿನಲ್ಲೆಲ್ಲಾ ಹಬ್ಬಿ, ೨೦೦೮ರಲ್ಲಿ ಕೇರಳದ ಸರಕಾರವೇ ಇದನ್ನು ತನ್ನ ಧೋರಣೆಯಾಗಿ ಒಪ್ಪಿಕೊಂಡಿತು.

ಅಲ್ಲಿಯ ನೆರೆಯವರು ಮಾಡುವ ಕೆಲಸವು ವೈದ್ಯವಲ್ಲ. ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವದು, ಯಾಕಂದರೆ ಒಂದೇ ಕಡೆ ಮಲಗಿದರೆ ಬೆನ್ನು ಹುಣ್ಣಾಗುವದು. ಒದ್ದೆ ಬಟ್ಟೆಯಿಂದ ತುಟಿಯನ್ನೂ ನಾಲಿಗೆಯನ್ನೂ ಒರಸುವದು. ಹಾಸಿಗೆಯ ಬಟ್ಟೆಯನ್ನು ಒಗೆಯುವದು. ಹುಣ್ಣಿನ ದುರ್ವಾಸನೆಗೆ ಸಹ ಉಪಾಯವುಂಟು: ಮೆಟ್ರೊನಿಡಜೋಲ್ ಎಂಬ ಸಾಧಾರಣವಾದ ಮಾತ್ರೆಯನ್ನು ದಾದಿಯ ಮಾತಿನಂತೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ಕೆಲವು ದಿನಗಳಲ್ಲಿ ವಾಸನೆ ಬಹಳ ಮಟ್ಟಿಗೆ ಇಳಿಯುವದು. ಕೆಲವೇ ರೂಪಾಯಿಗಳ ಮಾತ್ರೆ! ನಾವು ಬಾಗಿಲಲ್ಲಿ ನಿಂತು ಮಾಡಿದ ಆ ಪ್ರಾರ್ಥನೆಯ ದಿನ ಇದು ನಮಗೆ ತಿಳಿದಿದ್ದರೆ, ಆ ಮನೆಯಿಂದ ದೂರ ಸರಿದ ಎಷ್ಟೋ ಮಂದಿಯನ್ನು ಮರಳಿ ಒಳಗೆ ಕರೆಯಬಹುದಾಗಿತ್ತು. ಒಬ್ಬನನ್ನು ಕಂಡು ಇತರರು ಮೂಗು ಮುಚ್ಚಿ ಪಕ್ಕಕ್ಕೆ ಸರಿಯುವದೆಂದರೆ ಏನೆಂದು ನಮ್ಮ ಸಭೆಗಳ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾವಿಯ ಬಳಿಯಲ್ಲಿ ಅದನ್ನು ಅನುಭವಿಸಿದವರ ಮಕ್ಕಳು ನಾವು.

ಈಗ ಸೊಸೆಯ ವಿಷಯ. ಇದರಲ್ಲಿ ನಾವು ಸ್ವಲ್ಪ ಹೆಚ್ಚಾಗಿ ನಿಲ್ಲುತ್ತೇವೆ, ಯಾಕಂದರೆ ಹಿರಿಯರ ಲೆಕ್ಕದಲ್ಲಿ ಆಕೆಯ ಹೆಸರೇ ಇರಲಿಲ್ಲ. ಕೂಲಿ ಬಿಟ್ಟು ಒಬ್ಬರು ಕುಳಿತರೆ ನಷ್ಟವೆಂದು ಅವರು ಹೇಳಿದರು; ಆದರೆ ಒಬ್ಬಳು ಆಗಲೇ ಕೂಲಿ ಬಿಟ್ಟು ಕುಳಿತಿದ್ದಳು. ಬೆಳಿಗ್ಗೆ ಗಂಜಿ ಬಸಿದು ಅತ್ತೆಗೆ ಚಮಚದಿಂದ ಹಾಕುವದು, ಬಟ್ಟೆ ಒಗೆಯುವದು, ಹಸುವಿಲ್ಲದ ಕೊಟ್ಟಿಗೆಯಲ್ಲಿ ಸೌದೆ ಒಡೆಯುವದು, ಮಕ್ಕಳನ್ನು ಶಾಲೆಗೆ ಕಳುಹಿಸುವದು, ರಾತ್ರಿ ಮತ್ತೆ ನಾಲ್ಕು ಸಾರಿ ಏಳುವದು. ಊರವರು ಆಕೆಯನ್ನು ಒಳ್ಳೆಯ ಸೊಸೆಯೆಂದು ಹೊಗಳುತ್ತಿದ್ದರು. ಈ ಹೊಗಳಿಕೆಯು ಬಹಳ ಅಗ್ಗವಾದದ್ದು; ಅದನ್ನು ಕೊಟ್ಟವನ ಕೈಯಿಂದ ಒಂದು ಚೊಂಬು ನೀರೂ ಹೋಗುವದಿಲ್ಲ. ನಾವು ಎರಡನೆಯ ಸಾರಿ ಹೋಗಿ, ಮಗಳೇ, ನಿನಗೆ ಏನು ಬೇಕು ಎಂದು ಕೇಳಿದಾಗ, ಆಕೆ ಬಹಳ ಹೊತ್ತು ಯೋಚಿಸಿ ಹೇಳಿದ್ದು ಇಷ್ಟೇ: “ಅಯ್ಯನವರೇ, ಒಂದು ದಿನ ತಲೆಗೆ ನೀರು ಹಾಕಿಕೊಂಡು, ತಲೆ ಒಣಗುವ ತನಕ ಬಿಸಿಲಲ್ಲಿ ಕುಳಿತುಕೊಳ್ಳಬೇಕು.”

ಧರ್ಮವು ಮನೆಯವರದೋ ನೆರೆಯವರದೋ ಎಂದು ಶಾಸ್ತ್ರ ಬಲ್ಲವರು ವಾದಿಸಲಿ. ನಮಗೆ ತೋಚುವದೇನಂದರೆ, ಒಬ್ಬರ ಮೇಲೆ ಮಾತ್ರ ಹೊರಿಸಲ್ಪಟ್ಟ ಕರ್ತವ್ಯವು ಸ್ವಲ್ಪ ಕಾಲದಲ್ಲಿ ಪ್ರೀತಿಯನ್ನೇ ತಿಂದುಬಿಡುತ್ತದೆ. ಆಕೆ ಅತ್ತೆಯನ್ನು ಪ್ರೀತಿಸುತ್ತಿದ್ದಳು. ಆದಾಗ್ಯೂ ಇನ್ನೆಷ್ಟು ದಿನ ಎಂಬ ಯೋಚನೆ ರಾತ್ರಿ ಬರುತ್ತದೆಂದು ಅತ್ತು ಹೇಳಿದಳು. ಆ ಯೋಚನೆ ಪಾಪವೆಂದು ಆಕೆ ಭಾವಿಸಿದ್ದಳು. ಅದು ಪಾಪವಾಗಿದ್ದರೆ ಅದರಲ್ಲಿ ಹೆಚ್ಚಿನ ಪಾಲು ದಾರಿಯಲ್ಲಿ ಹಾದುಹೋದ ನಮ್ಮೆಲ್ಲರದು. ಹಿರಿಯರು ಕೇಳಿದ ಪ್ರಯೋಜನವೂ ಇಲ್ಲಿಯೇ ಸಿಕ್ಕುವದು: ಎಂಟು ಮಂದಿ ವಾರಕ್ಕೆ ಎರಡು ತಾಸು ಕೊಟ್ಟರೆ ಯಾರ ಕೂಲಿಯೂ ಹೋಗದು, ಒಬ್ಬಳೇ ಎಲ್ಲವನ್ನೂ ಕೊಟ್ಟರೆ ಆಕೆಯ ಕೂಲಿಯೂ ಹೋಗುವದು, ಆಕೆಯೂ ಹೋಗುವಳು. ಶುಶ್ರೂಷೆ ಎಂಬ ಮಾತಿಗೆ ಸಂಸ್ಕೃತದಲ್ಲಿ ಕೇಳಬೇಕೆಂಬ ಇಚ್ಛೆ ಎಂದು ಮೂಲಾರ್ಥವಂತೆ. ಹಾಸಿಗೆಯಲ್ಲಿರುವವರನ್ನು ಮಾತ್ರವಲ್ಲ, ಹಾಸಿಗೆಯ ಪಕ್ಕದಲ್ಲಿರುವವರನ್ನು ಸಹ ಯಾರಾದರೂ ಕೇಳಬೇಕು.

ಇನ್ನೊಂದು ಕಷ್ಟವಾದ ಸಂಗತಿಯುಂಟು. ಅವ್ವನಿಗೆ ರೋಗದ ಹೆಸರನ್ನೂ ಡಾಕ್ಟರರ ಮಾತನ್ನೂ ಹೇಳಕೂಡದೆಂದು ಮಗನು ಎಲ್ಲರಿಂದ ಮಾತು ತೆಗೆದುಕೊಂಡಿದ್ದನು. ಅವನ ಉದ್ದೇಶ ಒಳ್ಳೇದೇ. ಆದರೆ ಆ ತಾಯಿಯವರು ತಮ್ಮ ಕಿವಿಯ ಓಲೆಗಳನ್ನು ಬಿಚ್ಚಿ ಬಟ್ಟೆಯಲ್ಲಿ ಕಟ್ಟಿ, ಮೊಮ್ಮಗಳ ಪಾಲೆಂದು ಸೊಸೆಯ ಕೈಯಲ್ಲಿ ಕೊಟ್ಟಿದ್ದರು. ಮಗನಿಗೆ ಹೇಳಬೇಡ, ಅವನು ನೊಂದುಕೊಳ್ಳುತ್ತಾನೆ ಎಂದಿದ್ದರು. ಹೀಗೆ ಒಂದೇ ಮನೆಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ಕಾಪಾಡುವದಕ್ಕಾಗಿ ಸುಳ್ಳಿನ ಗೋಡೆ ಕಟ್ಟಿ, ಆಚೆಗೊಬ್ಬರು ಈಚೆಗೊಬ್ಬರು ಒಂಟಿಯಾಗಿ ಅಳುತ್ತಿದ್ದರು. ಸತ್ಯವನ್ನು ಕಲ್ಲಿನ ಹಾಗೆ ಎತ್ತಿ ಹಾಕಬೇಕೆಂದು ನಾವು ಹೇಳುವದಿಲ್ಲ. ತಿಳಿದವರು ಮಾಡುವ ಕ್ರಮವೇನಂದರೆ, ರೋಗಿಯನ್ನೇ ಮೊದಲು ಕೇಳುವದು: ನಿಮಗೆ ಏನೆಂದು ತೋರುತ್ತದೆ, ಇನ್ನೂ ತಿಳಿಯಬೇಕೆಂಬ ಮನಸ್ಸುಂಟೋ ಎಂದು. ಕೇಳಿದರೆ ಸತ್ಯವನ್ನು ಮೆಲ್ಲಗೆ ಹೇಳುವದು, ಕೇಳದಿದ್ದರೆ ಒತ್ತಾಯ ಮಾಡದಿರುವದು, ಸುಳ್ಳನ್ನಂತೂ ಹೇಳದಿರುವದು. ಆ ಮಗನು ಒಂದು ಸಂಜೆ ಹಾಸಿಗೆಯ ಅಂಚಿನಲ್ಲಿ ಕುಳಿತು, ಅವ್ವಾ, ಓಲೆ ಯಾಕೆ ಬಿಚ್ಚಿದೆ ಎಂದು ಕೇಳಿದನಂತೆ. ಆ ಮೇಲೆ ಅವರೊಳಗೆ ಏನು ನಡೆಯಿತೆಂದು ನಾವು ಕೇಳಲಿಲ್ಲ.

ಕಡೆಯ ದಿನಗಳಲ್ಲಿ ಆಕೆ ಗಂಜಿಯನ್ನು ಬೇಡವೆಂದು ತುಟಿ ಮುಚ್ಚಿಕೊಂಡರು. ಅನ್ನ ಹಾಕದೆ ಸಾಯಿಸಿದರೆಂದು ಊರು ಆಡುವದೆಂಬ ಭಯದಿಂದ ಮನೆಯವರು ಬಲವಂತವಾಗಿ ಹಾಲು ಹೊಯ್ಯಲು ನೋಡಿದರು. ಕೆಮ್ಮು ಬಂದು ಉಸಿರು ಕಟ್ಟಿತು. ನುಂಗಲಾರದವರ ಬಾಯಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವುಂಟು. ಸಾಯುವ ದೇಹವು ತಾನೇ ಆಹಾರವನ್ನು ಬಿಡುತ್ತದೆ. ಆಹಾರ ಬಿಟ್ಟದ್ದರಿಂದ ಸಾಯುವದಲ್ಲ. ಈ ಭೇದವನ್ನು ನಾವು ಮನೆಮನೆಗೆ ತಿಳಿಸಬೇಕಾಗಿದೆ. ದೇಶದ ಸರ್ವೋಚ್ಚ ನ್ಯಾಯಸ್ಥಾನವು ಸಹ ೨೦೧೮ರ ಮಾರ್ಚ್ ೯ರಂದು ಕೊಟ್ಟ ತೀರ್ಪಿನಲ್ಲಿ, ಗುಣವಾಗುವ ನಿರೀಕ್ಷೆಯಿಲ್ಲದವರು ಯಂತ್ರಗಳಿಂದ ಜೀವವನ್ನು ಎಳೆಯುವ ಚಿಕಿತ್ಸೆಯನ್ನು ಬೇಡವೆನ್ನಬಹುದೆಂದೂ, ಅದನ್ನು ಮುಂಚಿತವಾಗಿ ಬರೆದಿಡಬಹುದೆಂದೂ ಹೇಳಿತು. ೨೦೨೫ರ ಜನವರಿಯಲ್ಲಿ ಕರ್ನಾಟಕ ಸರಕಾರವು ಅದರಂತೆ ನಡೆಯುವ ಕ್ರಮವನ್ನು ಆಜ್ಞಾಪಿಸಿತು. ಸೂಜಿಮದ್ದಿನಿಂದ ಕೊಲ್ಲುವದಕ್ಕೆ ಅದು ಅಪ್ಪಣೆಯಲ್ಲ.

ಹಳೇಬೀಡಿನ ದೊಡ್ಡ ಗುಡಿಯ ಬಳಿಯಲ್ಲಿ ಒಂದು ಕಂಬವುಂಟು. ಪ್ರವಾಸಿಗಳು ಅದನ್ನು ಹೆಚ್ಚಾಗಿ ನೋಡುವದಿಲ್ಲ. ಎರಡನೆಯ ವೀರಬಲ್ಲಾಳನು ೧೨೨೦ರಲ್ಲಿ ಸತ್ತಾಗ, ಅವನ ಸಂಗಡ ತಾನೂ ಸಾಯುವೆನೆಂದು ವ್ರತ ತೊಟ್ಟಿದ್ದ ಕುವರ ಲಕ್ಷ್ಮನು ಹೆಂಡತಿಯೊಂದಿಗೆ ಪ್ರಾಣ ಬಿಟ್ಟದ್ದನ್ನು ಅದರಲ್ಲಿ ಬರೆದಿದ್ದಾರೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವವರ ಬೊಂಬೆಗಳು ಅದರ ಮೇಲುಂಟು. ಅಂಥಾ ನಿಷ್ಠೆಯನ್ನು ನಾವು ಹಳಿಯುವದಿಲ್ಲ, ಹೊಗಳುವದೂ ಇಲ್ಲ. ಆದರೆ ಸಾಯುವವನ ಸಂಗಡ ಸಾಯುವವರಿಗೆ ಕಂಬ ನೆಟ್ಟರು. ಸಾಯುವವರ ಸಂಗಡ ನಲವತ್ತು ರಾತ್ರಿ ಬದುಕಿಕೊಂಡಿದ್ದು, ಮಗ್ಗುಲು ಬದಲಿಸಿದ ಹೆಂಗಸರಿಗೆ ಯಾರೂ ಒಂದು ಕಲ್ಲನ್ನೂ ನಿಲ್ಲಿಸಲಿಲ್ಲ ಎಂದು ಆ ದಾರಿಯಲ್ಲಿ ಹೋಗುವಾಗ ನಮಗೆ ಅನ್ನಿಸಿತು.

ಆ ಮನೆಯಲ್ಲಿ ಆಮೇಲೆ ನಡೆದದ್ದನ್ನು ಹೇಳಿ ಮುಗಿಸುತ್ತೇವೆ. ಸಭೆಯ ನಾಲ್ಕು ಮಂದಿ ಹೆಂಗಸರೂ, ಸಭೆಗೆ ಸೇರದ ಪಕ್ಕದ ಮನೆಯ ಇಬ್ಬರೂ ಸರದಿ ಹಾಕಿಕೊಂಡರು. ಊರಿನ ಆಶಾ ಕಾರ್ಯಕರ್ತೆಯು ಮಾತ್ರೆಗಳ ವಿಷಯವಾಗಿ ವಿಚಾರಿಸಿ, ಮಗನನ್ನು ಎರಡು ಸಾರಿ ಹಾಸನಕ್ಕೆ ಕಳುಹಿಸಿ, ಮೂರನೆಯ ಸಾರಿ ತಾನೇ ಹೋಗಿ ತಂದಳು. ಮಾತ್ರೆ ಕೊಟ್ಟ ಎರಡನೆಯ ರಾತ್ರಿ ಆ ತಾಯಿಯವರು ಬೆಳಗಿನ ತನಕ ನಿದ್ರೆ ಮಾಡಿದರು. ನಿಶ್ಶಬ್ದಕ್ಕೆ ಹೆದರಿ ಸೊಸೆಯೇ ಎದ್ದು ಉಸಿರು ನೋಡಿದಳಂತೆ. ನಮ್ಮನ್ನು ಪ್ರಶ್ನೆ ಕೇಳಿದ ಹಿರಿಯರು ಮೊದಲು ಬರಲಿಲ್ಲ. ಆಮೇಲೆ ಒಂದು ಸಾಯಂಕಾಲ ಬಂದು, ತಮಗೆ ಮಾಡಲು ಬರುವ ಕೆಲಸವೇನಾದರೂ ಇದ್ದರೆ ಹೇಳಿರೆಂದರು. ಏನೂ ಇಲ್ಲ, ಸುಮ್ಮನೆ ಕುಳಿತಿರಿ ಎಂದು ಸೊಸೆ ಹೇಳಿದಳು. ಅವರು ಗುರುವಾರ ಗುರುವಾರ ದೀಪ ಹಚ್ಚುವ ಹೊತ್ತಿಗೆ ಬಂದು ಎರಡು ತಾಸು ಕುಳಿತು, ಮಳೆಯ ವಿಷಯವನ್ನೂ ಕೊಬ್ಬರಿಯ ಧಾರಣೆಯನ್ನೂ ಆ ತಾಯಿಯವರಿಗೆ ಹೇಳುತ್ತಿದ್ದರು. ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವರು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊಮ್ಮಗಳ ಶಾಲೆಯ ಹಣವು ಇನ್ನೂ ಬಾಕಿ ಇದೆ.

ಯುಗಾದಿಗೆ ಹತ್ತು ದಿನ ಮುಂಚೆ ಆ ತಾಯಿಯವರು ತೀರಿಹೋದರು. ಬೆನ್ನು ಹುಣ್ಣಾಗದಂತೆ ಯಾರೋ ಎರವಲು ಕೊಟ್ಟಿದ್ದ ಗಾಳಿಹಾಸಿಗೆಯನ್ನು ಸೊಸೆಯು ತೊಳೆದು, ಬಿಸಿಲಿಗೆ ಹಾಕಿ, ತಾನೂ ತಲೆಗೆ ನೀರು ಹಾಕಿಕೊಂಡು ಅದರ ಪಕ್ಕದಲ್ಲಿ ಕುಳಿತಿದ್ದಳೆಂದು ಕೇಳಿದೆವು. ಆ ಹಾಸಿಗೆಯು ಈಗ ಬಾಣಾವರದ ದಾರಿಯಲ್ಲಿರುವ ಇನ್ನೊಂದು ಮನೆಯಲ್ಲಿದೆ. ಮಂಗಳವಾರ ಮಧ್ಯಾಹ್ನ ಅಲ್ಲಿಗೆ ಹೋಗುವವಳು ಆಕೆಯೇ.